ಮಾತು ಬಿಟ್ಟ ಏಳು ತಿಂಗಳು

“ಅಕ್ಕಾ, ಇವತ್ತಿಂದ ಕೆಲಸದ ಜಾಗದಲ್ಲಿ ನಿನ್ನ ಹತ್ರ ಮಾತಾಡೋಕಾಗಲ್ಲ. ಮನೇಲಿ ಎಂದಿನ ಹಾಗೇ ಇರೋಣ. ಬೇಜಾರು ಮಾಡ್ಕೋಬೇಡ.”

ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ ಚಿಕ್ಕ ಸೊಸೆ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹಿಂದೆ ನಿಂತು ಇಬ್ಬರ ಊಟದ ಡಬ್ಬಿಗಳನ್ನು ಮುಚ್ಚುತ್ತಿದ್ದ ದೊಡ್ಡ ಸೊಸೆಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮುಚ್ಚಳ ಒತ್ತಿದ ಸದ್ದು ಕೇಳಿಸಿತು. “ಸರಿ” ಎಂದಳು. ಯಾಕೆ ಅಂತ ಕೇಳಲಿಲ್ಲ... ಕೇಳಿದ್ದರೆ ಚಿಕ್ಕವಳು ಅತ್ತಾದರೂ ಬಿಡುತ್ತಿದ್ದಳೇನೋ.

ಇಬ್ಬರೂ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಗಂಡ ತೀರಿಕೊಂಡ ಮೇಲೂ ಅತ್ತೆಯ ಮನೆಯಲ್ಲೇ ಉಳಿದ ದೊಡ್ಡವಳೇ ಓರಗಿತ್ತಿಯನ್ನು ಆ ಕೆಲಸಕ್ಕೆ ಸೇರಿಸಿದ್ದು, ಕೈಹಿಡಿದು ಕೆಲಸ ಕಲಿಸಿದ್ದು. ಇಸ್ತ್ರಿಯ ದೊಡ್ಡ ಉರುಳೆಯಿಂದ ಬಿಸಿಬಿಸಿಯಾಗಿ ಹೊರಬರುವ ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಎದುರುಬದುರು ನಿಲ್ಲಬೇಕು, ತುದಿಗೆ ತುದಿ ಸೇರಿಸಲು ಹತ್ತಿರ ಬರಬೇಕು, ಮತ್ತೆ ದೂರ ಸರಿಯಬೇಕು. ನಾಲ್ಕು ವರ್ಷ ಅವರಿಬ್ಬರದೇ ಜೋಡಿ. ಹತ್ತಿರ ಬಂದಾಗಲೆಲ್ಲ ಒಂದೊಂದು ಮಾತು. ಹಾಗೆ ತುಣುಕು ತುಣುಕಾಗಿ, ಅತ್ತೆಯ ಗೊರಕೆಯಿಂದ ಹಿಡಿದು ಪಕ್ಕದ ಮನೆಯ ಮದುವೆಯವರೆಗೆ ಎಲ್ಲ ಸಮಾಚಾರವೂ ಸಂಜೆಯೊಳಗೆ ಮುಗಿದಿರುತ್ತಿತ್ತು.

ಕೈ ಒಳಗೆ ಹೋಗದಂತೆ ಉರುಳೆಯ ಮುಂದೆ ಇರುವ ತಡೆಪಟ್ಟಿ ಬಿಚ್ಚಿದರೆ ಕೆಲಸ ಬೇಗ ಸಾಗುತ್ತದೆಂದು ವಿಭಾಗದ ಮೇಸ್ತ್ರಿಯಮ್ಮ ಅದನ್ನು ಬಿಚ್ಚಿಸಿಟ್ಟಿದ್ದಳು. ಹಿಂದಿನ ತಿಂಗಳು ಹೊಸದಾಗಿ ಸೇರಿದವಳೊಬ್ಬಳ ಕೈ ಒಳಗೆ ಸಿಕ್ಕಿ ಬೆಂದುಹೋಯಿತು. ವಿಚಾರಣೆಗೆ ಬಂದವರೆದುರು ಹನ್ನೊಂದು ಹೆಂಗಸರು “ಪಟ್ಟಿ ಇತ್ತು, ಅವಳೇ ನೋಡ್ಕೊಳ್ಳಲಿಲ್ಲ” ಎಂದರು. ಆ ಹನ್ನೊಂದರಲ್ಲಿ ಚಿಕ್ಕ ಸೊಸೆಯೂ ಒಬ್ಬಳು. ಕೊನೆಗೆ ಒಳಗೆ ಹೋದ ದೊಡ್ಡ ಸೊಸೆ “ಪಟ್ಟಿ ಇರಲಿಲ್ಲ” ಎಂದು ಹೇಳಿ ಬಂದಳು. ಮೇಸ್ತ್ರಿಯಮ್ಮನನ್ನು ಕೊಳೆ ಬಟ್ಟೆ ಬೇರ್ಪಡಿಸುವ ನೆಲಮಾಳಿಗೆಗೆ ಹಾಕಿದರು. ಯಾರ ಮನೆಯಲ್ಲಿ ಹೆರಿಗೆಯಾದರೂ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುತ್ತಿದ್ದ ಹೆಂಗಸು ಅವಳು. ಮರುದಿನದಿಂದ ದೊಡ್ಡ ಸೊಸೆಯನ್ನು ಯಾರೂ ಮಾತಾಡಿಸಲಿಲ್ಲ. ಮಾತಾಡಿಸಬೇಡಿ ಎಂದು ಯಾರೂ ಹೇಳಿರಲಿಲ್ಲ.

ಸುದ್ದಿ ಕೇಳಿದ ಅತ್ತೆ ಚಿಕ್ಕ ಸೊಸೆಯನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ್ದಳು.

“ಅವಳಂತೂ ಎಲ್ಲರ ಹತ್ರ ಕೆಡಿಸ್ಕೊಂಡಳು. ಅಷ್ಟೂ ಜನ ಒಂದು ಕಡೆ ಇರುವಾಗ ನೀನು ಅವಳ ಸೆರಗು ಹಿಡ್ಕೊಂಡು ನಿಂತ್ರೆ ನಿನ್ನನ್ನೂ ದೂರ ಇಡ್ತಾರೆ. ನಾಳೆ ನಮಗೊಂದು ಕಷ್ಟ ಅಂದ್ರೆ ಈ ಮನೆ ಹೊಸಿಲು ತುಳಿಯೋರು ಯಾರು?”

“ಅಕ್ಕ ಅಲ್ವಾ ಅತ್ತೆ...”

“ಅಕ್ಕ ಮನೇಲಿ ಇರ್ತಾಳಲ್ಲ. ಮನೇಲಿ ಮಾತಾಡು, ಬೇಡ ಅಂದೋರ್ಯಾರು?”

ಹಾಗಾಗಿ ಚಿಕ್ಕ ಸೊಸೆ ಬೇರೆಯವಳ ಜೊತೆ ಜೋಡಿಯಾದಳು. ದೊಡ್ಡವಳು ಮೂಲೆಯ ಮೇಜಿನ ಮೇಲೆ ಬೆಡ್‌ಶೀಟು ಹರಡಿ, ಒಂದು ಅಂಚನ್ನು ಗಲ್ಲದಡಿ ಒತ್ತಿಹಿಡಿದು, ಒಬ್ಬಳೇ ಮಡಿಸತೊಡಗಿದಳು. ಮೊದಲ ವಾರವೆಲ್ಲ ಚಿಕ್ಕವಳು ಮನೆಗೆ ಬಂದೊಡನೆ ಸಾಲ ತೀರಿಸುವವಳಂತೆ ಮಾತಾಡಿದಳು. ಆದರೆ ಬಸ್ಸಿನಲ್ಲಿ ಅದೇ ಹೆಂಗಸರು ಇರುತ್ತಿದ್ದರು, ಹಾಗಾಗಿ ಬಸ್ಸಿನಲ್ಲಿ ಬೇರೆ ಸೀಟಿಗೆ ಸರಿದಳು. ಅವರಲ್ಲಿ ಮೂವರ ಮನೆ ಅದೇ ಬೀದಿಯಲ್ಲಿತ್ತು, ಹಾಗಾಗಿ ಬೀದಿಯಲ್ಲೂ ಮಾತು ನಿಂತಿತು. ಆಮೇಲೆ ಜಗಲಿಯ ಸರದಿ. ಅಡಿಗೆಮನೆಯ ಕಿಟಕಿ ಬೀದಿಗೇ ತೆರೆಯುತ್ತಿದ್ದುದರಿಂದ ಅಲ್ಲಿ ದನಿ ತಗ್ಗಿತು. ಒಂದು ಸಂಜೆ ಇಬ್ಬರೂ ಕೂತು ತರಕಾರಿ ಹೆಚ್ಚುತ್ತಿದ್ದಾಗ, ತಾವು ಬಂದು ಒಂದು ಗಂಟೆಯಾಯಿತು, ಒಂದು ಮಾತೂ ಆಡಿಲ್ಲ ಎಂದು ಚಿಕ್ಕವಳಿಗೆ ಹೊಳೆಯಿತು. ಎದೆಗೆ ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗಿತ್ತು, ಕಾಲು ತನ್ನದೇ, ಮುಟ್ಟಿದ್ದು ಮಾತ್ರ ತಿಳಿಯದು. ಅವಳು ತರಕಾರಿ ಹೆಚ್ಚುವುದನ್ನು ಮುಂದುವರಿಸಿದಳು.

ಏಳನೆಯ ತಿಂಗಳಲ್ಲಿ ದೊಡ್ಡ ಸೊಸೆ ಪೆಟ್ಟಿಗೆ ಕಟ್ಟಿದಳು. ಊರಿನ ಆಚೆ ತುದಿಯ ಒಂದು ವಸತಿಗೃಹದಲ್ಲಿ ಇದೇ ಕೆಲಸ ಸಿಕ್ಕಿತ್ತು, ಹತ್ತಿರವೇ ಒಂದು ಕೋಣೆಯೂ ಸಿಕ್ಕಿತ್ತು.

“ಯಾರು ಏನಂದ್ರು ಅಂತ ಮನೆ ಬಿಟ್ಟು ಹೋಗ್ತಿದ್ದೀಯ?” ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಯಾರೂ ಏನೂ ಅನ್ನಲಿಲ್ಲ ಅತ್ತೆ. ಅದಕ್ಕೇ.”

ಅತ್ತೆ ಪಕ್ಕಕ್ಕೆ ಸರಿದಳು. ಚಿಕ್ಕ ಸೊಸೆ ಪೆಟ್ಟಿಗೆಯ ಒಂದು ಬದಿ ಹಿಡಿದು ಆಟೋದವರೆಗೆ ಹೋಗಿ ಬಂದಳು. ಬೀದಿಯವರು ನೋಡುತ್ತಿದ್ದರು.

ಎರಡು ವಾರದ ನಂತರ ಊಟದ ಹೊತ್ತಿನಲ್ಲಿ ಮೇಸ್ತ್ರಿಯಮ್ಮ ನೆಲಮಾಳಿಗೆಯಿಂದ ಮೇಲೆ ಬಂದು ಚಿಕ್ಕ ಸೊಸೆಯ ಪಕ್ಕ ಕೂತಳು.

“ನಿನ್ನ ಓರಗಿತ್ತಿ ಬಿಟ್ಟು ಹೋದಳಂತೆ. ಅಂಥದ್ದೇನಾಗಿತ್ತು ನಿಮ್ಮ ಮನೇಲಿ?”

“ನಮ್ಮ ಮನೇಲಾ? ನೀವೆಲ್ಲ ಮಾತು ಬಿಟ್ಟಿರಲ್ಲ, ಅದಕ್ಕೆ ಹೋದಳು.”

“ನಾವಾ?” ಮೇಸ್ತ್ರಿಯಮ್ಮ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. “ನಾಲ್ಕು ದಿನ ಎಲ್ಲರಿಗೂ ಸಿಟ್ಟಿತ್ತು, ಇಲ್ಲ ಅನ್ನಲ್ಲ. ಪಟ್ಟಿ ತೆಗೆಸಿದ್ದು ನಾನೇ ತಾನೇ? ಅವಳು ಹೇಳಿದ್ರಲ್ಲಿ ಸುಳ್ಳೇನಿತ್ತು? ನಾನೇ ಹೋಗಿ ಮಾತಾಡಿಸೋಣ ಅಂದ್ಕೊಂಡೆ. ಆದ್ರೆ ಒಂದೇ ಮನೆಯೋಳು, ನೀನೇ ಅವಳ ಮುಖ ನೋಡ್ತಿರಲಿಲ್ಲ. ಒಳಗೆ ನಮಗೆ ಗೊತ್ತಿಲ್ಲದ್ದು ಇನ್ನೇನೋ ದೊಡ್ಡದಿದೆ, ನಾವ್ಯಾಕೆ ಮಧ್ಯೆ ಹೋಗಬೇಕು ಅಂತ ಎಲ್ಲರೂ ಸುಮ್ಮನಾದ್ವಿ.”

ಎದುರು ಕೂತಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು. ಚಿಕ್ಕ ಸೊಸೆ ಡಬ್ಬಿಯಲ್ಲಿದ್ದುದನ್ನು ಪೂರ್ತಿ ಉಂಡಳು, ತೊಳೆದಳು, ಸಂಜೆಯವರೆಗೆ ಕೆಲಸ ಮಾಡಿದಳು.

ಭಾನುವಾರ ವಿಳಾಸ ಹುಡುಕಿಕೊಂಡು ಹೋದಳು. ಎರಡನೆಯ ಮಹಡಿಯ ಒಂದೇ ಕೋಣೆ. ದೊಡ್ಡವಳು ಇದ್ದೊಂದು ಕುರ್ಚಿಯನ್ನು ಅವಳಿಗೆ ಕೊಟ್ಟು ತಾನು ಚಾಪೆಯ ಮೇಲೆ ಕೂತಳು. ಅತ್ತೆಯ ಮಂಡಿನೋವು ವಿಚಾರಿಸಿದಳು. ಚಹಾ ಕೊಟ್ಟಳು.

“ಅಕ್ಕಾ, ಅವರೆಲ್ಲ ನನ್ನನ್ನ ನೋಡ್ಕೊಂಡು ಸುಮ್ಮನಿದ್ರಂತೆ. ನಾನು ಅವರನ್ನ ನೋಡ್ಕೊಂಡು...”

“ಗೊತ್ತು.”

“ಗೊತ್ತಿತ್ತಾ? ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಮಾತಾಡ್ತಿದ್ದೆ. ನಾನು ಹೇಳಿದ್ದಕ್ಕೆ ಮಾತಾಡಿದ ಹಾಗಾಗ್ತಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. “ತಾನಾಗಿಯೇ ಬರ್ತಾಳೆ ಅಂತ ಕಾದೆ. ಆಮೇಲೆ ಕಾಯೋದೂ ನಿಂತುಹೋಯ್ತು. ಯಾವತ್ತು ನಿಂತಿತು ಅಂತ ನನಗೂ ಗೊತ್ತಾಗಲಿಲ್ಲ.”

“ಮನೆಗೆ ಬಾ ಅಕ್ಕ.”

“ಇಲ್ಲಿ ಚೆನ್ನಾಗಿದೆ. ಪಕ್ಕದ ಕೋಣೆಯವರು ಮಾತುಗಾರರು.”

ಚಹಾ ಮುಗಿಯಿತು. ದೊಡ್ಡವಳು ಮೆಟ್ಟಿಲಿಳಿದು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದಳು, ಯಾವ ಬಸ್ಸು ಬೇಗ ಹೋಗುತ್ತದೆಂದು ಹೇಳಿದಳು. ಬಸ್ಸು ಬಂತು.

“ಬರ್ತೀನಿ ಅಕ್ಕ.”

ಹೋಗಿ ಬಾ ಎಂಬ ಮಾತಿಗಾಗಿ ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಹಿಂದಿನವರು ಹತ್ತಲು ಅವಸರಪಡಿಸುತ್ತಿದ್ದರು.

“ಹೂಂ, ಹೋಗು” ಎಂದಳು ದೊಡ್ಡವಳು, ಮೆಲ್ಲಗೆ, ಎಂದಿನ ಅಕ್ಕರೆಯಿಂದಲೇ.