ಗೋಲಿನ ಮುಂದೆ ಹಿಡಿದ ಕ್ಯಾಚ್

ಸೀಟಿ ಊದಿದವನ ಮುಖವನ್ನೇ ಅವಳು ದುರುಗುಟ್ಟಿಕೊಂಡು ನೋಡಿದಳು.

ಚೆಂಡು ಇನ್ನೂ ಅವಳ ಎರಡು ಕೈಗಳ ನಡುವೆಯೇ ಇತ್ತು. ತೊಂದರೆಯೇ ಅದು. ಆಡುತ್ತಿದ್ದದ್ದು ಫುಟ್‌ಬಾಲ್, ಅದೂ ಸೆಮಿಫೈನಲ್. ಅವಳು ಗೋಲ್‌ಕೀಪರ್ ಅಲ್ಲ, ಡಿಫೆಂಡರ್. ಗೋಲಿಗೆ ನುಗ್ಗುತ್ತಿದ್ದ ಚೆಂಡನ್ನು ಎಡಕ್ಕೆ ಹಾರಿ, ಕ್ರಿಕೆಟ್ಟಿನ ಸ್ಲಿಪ್‌ನಲ್ಲಿ ನಿಂತವಳ ಹಾಗೆ ಅಚ್ಚುಕಟ್ಟಾಗಿ ಕ್ಯಾಚ್ ಹಿಡಿದುಬಿಟ್ಟಿದ್ದಳು!

ರೆಫರಿ ಕೆಂಪು ಕಾರ್ಡ್ ಎತ್ತಿದ. ಅದಕ್ಕೆ ಅವಳ ತಕರಾರಿರಲಿಲ್ಲ, ನಿಯಮ ಅವಳಿಗೂ ಗೊತ್ತು. ಆದರೆ ಅವನ ತುಟಿಯಂಚಿನಲ್ಲಿ ನಗು ಇತ್ತು.

'ನಗ್ತಾನೆ... ನನ್ನ ನೋಡಿ ನಗ್ತಾನೆ.'

“ಏನ್ರೀ, ತಮಾಷೆಯಾಗಿದೆಯಾ ನಿಮಗೆ?”

“ಹೊರಗೆ ನಡೀರಿ,” ಎಂದ ಅವನು, ನಗು ನುಂಗಿಕೊಂಡು.

ಪೆನಾಲ್ಟಿ ಗೋಲಾಯಿತು, ತಂಡ ಸೋತಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅವಳ ಪಾಡು.

ಆಡಿಕೊಳ್ಳುವವರಿಗೇನು ಬರವೇ? ಅವಳು ಕ್ರಿಕೆಟ್ಟನ್ನೂ ಫುಟ್‌ಬಾಲನ್ನೂ ಆಡುವುದೇ ಅವರಿಗೆ ನುಂಗಲಾರದ ತುತ್ತಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಇಬ್ಬರು ಕೋಚ್‌ಗಳು. ಒಬ್ಬನಿಗೆ ಫುಟ್‌ಬಾಲ್ ಎಂದರೆ ಕಾಲು ಮುರಿಯುವ ಹುಚ್ಚು, ಇನ್ನೊಬ್ಬನಿಗೆ ಕ್ರಿಕೆಟ್ ಎಂದರೆ ಬಿಸಿಲು ಕಾಯಿಸುವ ಸೋಮಾರಿಗಳ ಆಟ. ಟಿವಿಯಲ್ಲಿ ಬಂದರೂ ಎರಡನ್ನೂ ನೋಡದ ಚಿಕ್ಕಮ್ಮನಿಗಂತೂ ಎರಡರ ಬಗ್ಗೆಯೂ ಅಭಿಪ್ರಾಯವಿತ್ತು.

“ಒಂದನ್ನಾದ್ರೂ ನೆಟ್ಟಗೆ ಆಡಬಾರ್ದೇನೇ ನಮ್ಮಮ್ಮ? ಎಲ್ಲಿ ಕೈ ಹಾಕ್ಬೇಕು, ಎಲ್ಲಿ ಕಾಲು ಹಾಕ್ಬೇಕು ಅಂತಾನೇ ಗೊತ್ತಾಗಲ್ವಲ್ಲೇ ನಿಂಗೆ.”

ಅಷ್ಟರಲ್ಲಿ ಹೊಸ ಮಾತು ಹಬ್ಬಿತು. ಫುಟ್‌ಬಾಲ್ ಫೈನಲ್ ದಿನವೇ ಅವಳಿಗೆ ಕ್ರಿಕೆಟ್ ಪಂದ್ಯವಿತ್ತು. ಫೈನಲ್ ತಪ್ಪಿಸಿಕೊಳ್ಳಲು ಬೇಕೆಂದೇ ಕೈಯಲ್ಲಿ ಹಿಡಿದು ತಂಡವನ್ನು ಸೋಲಿಸಿದಳಂತೆ!

ಫುಟ್‌ಬಾಲ್ ತಂಡದ ಕ್ಯಾಪ್ಟನ್ ಫೋನ್ ಮಾಡಿ ಕನಿಕರ ಸುರಿಸಿದಳು. “ನಿನ್ನ ಮೇಲೆ ಫುಟ್‌ಬಾಲ್ ಸಂಘಕ್ಕೆ ದೂರು ಹೋಗಿದೆ, ಕೊಟ್ಟಿದ್ದು ಆ ರೆಫರೀನೇ ಅಂತೆ ಕಣೇ. ಬೇಕೂಂತ ಮಾಡಿದ್ದು ಅಂತ ತೀರ್ಮಾನ ಆದ್ರೆ ಎರಡು ವರ್ಷ ನೀನು ಫುಟ್‌ಬಾಲ್ ಮುಟ್ಟೋ ಹಾಗಿಲ್ಲ.”

ಇಪ್ಪತ್ತೊಂಬತ್ತರ ಡಿಫೆಂಡರ್‌ಗೆ ಎರಡು ವರ್ಷ ಎಂದರೆ ಅಲ್ಲಿಗೆ ಮುಗಿಯಿತು. ಅವಳು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಉಳಿದದ್ದು ಆ ರೆಫರಿಯ ಮೇಲಿನ ತಿರಸ್ಕಾರ ಒಂದೇ.

ವಿಚಾರಣೆಯ ದಿನ ಸಂಘದ ಕಚೇರಿಯ ಕಾರಿಡಾರಿನಲ್ಲಿ ಅವನು ಎದುರಾದ.

“ಇವತ್ತೂ ನಗೋಕೆ ಬಂದ್ರಾ?”

“ಕರೆದ್ರು, ಬಂದೆ.”

“ದೂರು ಕೊಟ್ಟೋರನ್ನ ಕರೀದೆ ಇರ್ತಾರಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಒಳಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಎದುರಿಗೆ ಕಾರ್ಯದರ್ಶಿ. ಜೀವಮಾನದಲ್ಲಿ ಚೆಂಡು ಒದ್ದವನಲ್ಲ, ಕುರ್ಚಿ ಬಿಟ್ಟವನೂ ಅಲ್ಲ. ಈಜು ಸಂಘಕ್ಕೂ ಅವನೇ ಉಪಾಧ್ಯಕ್ಷ. ಅವನಿಗೆ ಈಜು ಬರುತ್ತದೆಂದು ಯಾರೂ ಕೇಳಿದ್ದಿಲ್ಲ.

“ನೋಡಮ್ಮ, ಎರಡು ದೋಣಿ ಮೇಲೆ ಕಾಲಿಟ್ರೆ ಹೀಗೇ ಆಗೋದು. ಫೈನಲ್ ದಿನ ನಿಮಗೆ ಕ್ರಿಕೆಟ್ ಇತ್ತು ತಾನೇ?”

“ಇತ್ತು. ಫೈನಲ್‌ಗೆ ಹೋದ್ರೆ ಕ್ರಿಕೆಟ್‌ಗೆ ಬರಲ್ಲ ಅಂತ ಮೊದಲೇ ಆ ಕೋಚ್‌ಗೆ ಹೇಳಿದ್ದೆ.”

“ಬಾಯಿಮಾತು ಯಾರು ನಂಬ್ತಾರೆ?” ಅವನು ರೆಫರಿಯ ಕಡೆ ತಿರುಗಿದ. “ನೀವು ಹೇಳಿ.”

“ತಪ್ಪು ಇವರದ್ದೇ. ನಾಳೆ ಹೀಗೇ ಆದ್ರೂ ಕೆಂಪು ಕಾರ್ಡೇ ಕೊಡ್ತೀನಿ.”

'ಕೊಡ್ತಾನಂತೆ, ಪಾಪಿ!' ಅವಳು ಹಲ್ಲು ಕಚ್ಚಿದಳು.

“ಆದ್ರೆ ಇವರು ಬೇಕೂಂತ ಮಾಡಿದ್ದಲ್ಲ.”

“ಅದು ನಿಮಗೆ ಹೇಗೆ ಗೊತ್ತು?”

ರೆಫರಿ ಎದ್ದ. ಮೇಜಿನ ಮೇಲಿದ್ದ ಕಾರ್ಯದರ್ಶಿಯ ಕಾರಿನ ಕೀಲಿಗೊಂಚಲನ್ನು ಎತ್ತಿ ತೆರೆದ ಕಿಟಕಿಯತ್ತ ಬೀಸಿ ಎಸೆದ.

“ಅಯ್ಯೋ, ನನ್ನ ಕೀಲಿ!”

ಕೀಲಿ ಹೊರಗೆ ಬೀಳಲಿಲ್ಲ. ಅವಳ ಎಡಗೈಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವಳೂ ಬೆರಗಾಗಿ ನೋಡುತ್ತಿದ್ದಳು.

“ಕೇಳಿ ಇವರನ್ನ, ಈಗ ಹಿಡಿದಿದ್ದು ಬೇಕೂಂತಲಾ ಅಂತ,” ಎಂದ ರೆಫರಿ. “ಹದಿನೈದು ವರ್ಷ ಕ್ಯಾಚ್ ಹಿಡಿದಿರೋ ಕೈ ಸಾರ್ ಅದು. ಯಾರನ್ನೂ ಕೇಳಲ್ಲ.”

ಕಾರ್ಯದರ್ಶಿ ಕೀಲಿಯನ್ನು ಜೇಬಿಗಿಳಿಸಿಕೊಂಡು ಗಂಟಲು ಸರಿಮಾಡಿಕೊಂಡ. “ಆಯ್ತು, ದೂರು ಕೈಬಿಡೋಣ. ಆದ್ರೆ ಇನ್ಮೇಲೆ ಒಂದೇ ಆಟ ಅಂತ ಒಪ್ಕೊಳ್ಳಿ.”

ಅವಳು ಎದ್ದು ನಿಂತಳು. “ನೀವು ಎರಡು ಸಂಘದಲ್ಲಿದ್ದೀರಲ್ಲ ಸಾರ್, ಒಂದು ಕುರ್ಚಿ ಬಿಡಿ. ಆಮೇಲೆ ನಾನೂ ಯೋಚನೆ ಮಾಡ್ತೀನಿ.”

ಅವನು ಯಾವ ಕುರ್ಚಿಯನ್ನೂ ಬಿಡಲಿಲ್ಲ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು. “ಹಾಗಾದ್ರೆ ದೂರು ಯಾರದ್ದು?”

“ನಿಮ್ಮ ಕ್ಯಾಪ್ಟನ್‌ದು.”

ಕನಿಕರದ ಆ ಫೋನ್ ನೆನಪಾಗಿ ಅವಳಿಗೆ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು... ಇಷ್ಟು ದಿನ ಎಂಥವನನ್ನು ಶಪಿಸಿದೆ!

“ಮತ್ತೆ ಅವತ್ತು ನಕ್ಕಿದ್ದು?”

“ಅಷ್ಟು ಚೆಂದದ ಕ್ಯಾಚ್ ನಾನು ಕ್ರಿಕೆಟ್‌ನಲ್ಲೂ ನೋಡಿರ್ಲಿಲ್ಲ. ತಡ್ಕೊಳ್ಳೋಕಾಗ್ಲಿಲ್ಲ, ತಪ್ಪಾಯ್ತು.” ಅವನು ಎರಡು ಮೆಟ್ಟಿಲು ಕೆಳಗೆ ನಿಂತ. “ಇನ್ನೊಂದು ವಿಷಯ. ನಿಮ್ಮ ಮ್ಯಾಚ್‌ಗಳಿಗೆ ಇನ್ಮೇಲೆ ನನ್ನ ಹಾಕಬೇಡಿ ಅಂತ ಹೇಳಿಬಿಟ್ಟಿದ್ದೀನಿ.”

ಅವಳೂ ಅಲ್ಲೇ ನಿಂತಳು. “ಯಾಕೆ? ನನ್ನ ಮುಖ ನೋಡೋಕೂ ಬೇಜಾರಾ?”

“ರೆಫರಿ ಆದೋನು ಯಾರ ಕಡೆಯೂ ಇರಬಾರ್ದು. ನಾನು... ಆವತ್ತಿಂದ ನಿಮ್ಮ ಕಡೆ.”

ಅವಳ ಕಣ್ಣು ತುಂಬಿ ಬಂತು.

“ಹಾಗಾದ್ರೆ ಟಿಕೆಟ್ ತಗೊಂಡು ನೋಡೋಕೆ ಬರ್ಬೇಕು.”

“ಬರ್ತೀನಿ.”

“ಯಾವ ಆಟಕ್ಕೆ?” ಎಂದು ಕೇಳಿಯೇಬಿಟ್ಟಳು. ಈವರೆಗೆ ಎಲ್ಲರೂ ಒಂದನ್ನೇ ಆರಿಸಿಕೊಂಡಿದ್ದರು.

“ಎರಡಕ್ಕೂ,” ಎಂದ ಅವನು, ಇದೇನು ಕೇಳುವ ಪ್ರಶ್ನೆ ಎಂಬಂತೆ.