ಹನ್ನೊಂದು ಕಿಲೋ ಟಪಾಲು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ದೂರು ಒಂದೇ ಸಾಲಿನದು: ಆಫೀಸಿನ ಫ್ರಾಂಕಿಂಗ್ ಯಂತ್ರ ಕಳುವಾಗಿದೆ. ದೂರು ತಂದವಳು ಅಂಗಿ ಗುಂಡಿ ಮಾರುವ ಪುಟ್ಟ ಕಂಪನಿಯ ಒಡತಿ. ಗುಂಡಿಗಳನ್ನು ಹೊಲಿದ ಮಾದರಿ ಕಾರ್ಡುಗಳನ್ನು ಊರೂರಿನ ದರ್ಜಿಗಳಿಗೆ ಅಂಚೆಯಲ್ಲಿ ಕಳಿಸಿ ಆರ್ಡರ್ ತರಿಸಿಕೊಳ್ಳುವುದು ಅವರ ವ್ಯಾಪಾರ.

"ಫ್ರಾಂಕಿಂಗ್ ಅಂದ್ರೆ ಏನು?" ಎಂದು ಕೇಳಿದರು ಇನ್ಸ್‌ಪೆಕ್ಟರ್. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಆಕೆಗೆ ಯಾವತ್ತೂ ಸಂಕೋಚವಿರಲಿಲ್ಲ. ಠಾಣೆಗಳಲ್ಲಿ ಈ ಗುಣ ಅಪರೂಪವೇ.

"ಸ್ಟಾಂಪ್ ಅಂಟಿಸೋ ಬದಲು ಕವರ್ ಮೇಲೆ ಮುದ್ರೆ ಒತ್ತೋ ಯಂತ್ರ ಮೇಡಂ. ಅಂಚೆ ಖರ್ಚು ಕೈ ಮೀರ್ತಿತ್ತು. ಮೂರು ಕಂಪನಿಯವರನ್ನ ಕರೆಸಿ ವಿಚಾರಿಸಿದೆ. ಇದು ಅಗ್ಗ ಅನ್ನಿಸ್ತು. ಏಳು ದಿನ ಇಟ್ಕೊಂಡು ನೋಡಿ, ಮುಂದಿನ ಸೋಮವಾರ ಸಹಿ ಹಾಕಿ ಅಂದ್ರು. ಶನಿವಾರ ಸಂಜೆ ತಂದಿಟ್ರು. ಇವತ್ತು ನಾನು ಒಂಬತ್ತಕ್ಕೆ ಬಂದು ನೋಡಿದ್ರೆ ಇಲ್ಲ."

"ಇಲ್ಲಿವರೆಗೆ ಸ್ಟಾಂಪ್ ಯಾರು ಅಂಟಿಸ್ತಿದ್ರು?"

"ನಮ್ಮ ಚಿಕ್ಕಪ್ಪ. ಅಪ್ಪ ಇದ್ದಾಗಿಂದ ಟಪಾಲು ಮೇಜು ಅವರದ್ದೇ."

"ಯಂತ್ರ ಬಂದ ಮೇಲೆ ಅವರು?"

"ಗೋದಾಮಿಗೆ. ಮೇಜು ಮಾರಿಬಿಡೋಣ ಅಂತ. ಅವರಿಗೂ ಆರಾಮು." ಆರಾಮು ಎನ್ನುವಾಗ ಒಡತಿಯ ದನಿ ಸ್ವಲ್ಪ ತಗ್ಗಿತು.

9.55ಕ್ಕೆ ಎಫ್‌ಐಆರ್ ದಾಖಲಾಯಿತು. 10.20ಕ್ಕೆ ಇನ್ಸ್‌ಪೆಕ್ಟರ್ ಸ್ಥಳದಲ್ಲಿದ್ದರು. ಜೊತೆಗೆ ಆರಡಿ. ಅದು ಕಾನ್ಸ್‌ಟೇಬಲ್‌ನ ಎತ್ತರವೂ ಹೌದು, ಠಾಣೆಯಲ್ಲಿ ಅವನನ್ನು ಕರೆಯುವ ಹೆಸರೂ ಹೌದು.

ಎರಡು ಕೋಣೆಯ ಆಫೀಸು. ಒಳಗಿನದು ಒಡತಿಯದು, ಹೊರಗಿನದರ ಕಿಟಕಿಯ ಕೆಳಗೆ ಟಪಾಲು ಮೇಜು. ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದದ್ದು ಒಡತಿ ಮತ್ತು ಚಿಕ್ಕಪ್ಪ ಇಬ್ಬರ ಬಳಿ ಮಾತ್ರ. ಯಂತ್ರ ತಂದಿಟ್ಟಿದ್ದ ಮಾರಾಟದ ಹುಡುಗನೂ ಸುದ್ದಿ ಕೇಳಿ ಓಡಿ ಬಂದು, ಕುತ್ತಿಗೆಯ ಟೈ ಸಡಿಲಿಸಿಕೊಳ್ಳುತ್ತ ಬೆವರುತ್ತಿದ್ದ.

"ಇವನೇ ಮೇಡಂ," ಎಂದು ಆರಡಿ ಕಿವಿಯಲ್ಲಿ ಉಸುರಿದ. "ನೋಡಿ, ಹೇಗೆ ಬೆವರ್ತಿದಾನೆ."

"ಮೂರು ಮಹಡಿ ಹತ್ತಿ ನೀನೂ ಬೆವರ್ತಿದೀಯ. ಪಂಚನಾಮೆ ಬರಿ."

ಚಿಕ್ಕಪ್ಪ ಸಣ್ಣ ಮೈಕಟ್ಟಿನವರು. ಪೊಲೀಸರಿಗೆ ಕುರ್ಚಿ ಹಾಕಿದ್ದು ಅವರೇ, ಚಹಾ ತರಿಸಿದ್ದೂ ಅವರೇ. ಆರಡಿ ಮೇಜಿನ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬರೆದುಕೊಂಡ. ತಕ್ಕಡಿ ಒಂದು. ಸ್ಟಾಂಪ್ ಒದ್ದೆ ಮಾಡುವ ಸ್ಪಂಜು ಒಂದು. ಸೆಣಬಿನ ಹುರಿಯ ಉಂಡೆ ಒಂದು. ಅರಗು ಅರ್ಧ ಕಡ್ಡಿ. ಟಪಾಲು ಪುಸ್ತಕ ಒಂದು.

ಹೊರಗೆ ಹೋಗುವ ಪ್ರತಿ ಕವರಿನ ದಿನಾಂಕ, ಸಮಯ, ವಿಳಾಸ, ತೂಕ ದಾಖಲಿಸುವ ಆ ಪುಸ್ತಕವನ್ನು ಇನ್ಸ್‌ಪೆಕ್ಟರ್ ಸುಮ್ಮನೆ ತಿರುವಿದರು. ಮುತ್ತು ಪೋಣಿಸಿದ ಹಾಗಿನ ಅಕ್ಷರ. ತೂಕದ ಕಾಲಮಿನಲ್ಲಿ ಪುಟಪುಟಗಳುದ್ದಕ್ಕೂ ಇಪ್ಪತ್ತಮೂರು ಗ್ರಾಂ, ಇಪ್ಪತ್ತಮೂರು ಗ್ರಾಂ. ಕೊನೆಯ ಪುಟಕ್ಕೆ ಬಂದಾಗ ಆಕೆ ಚಹಾದ ಲೋಟ ಕೆಳಗಿಟ್ಟರು.

"ಚಿಕ್ಕಪ್ಪನವರೇ, ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ ಹನ್ನೊಂದು ಕಿಲೋ ಮುನ್ನೂರು ಗ್ರಾಂ ಏನು ಕಳಿಸಿದ್ರಿ?"

"ಯಂತ್ರ," ಎಂದರು ಚಿಕ್ಕಪ್ಪ.

ಒಡತಿ ಪುಸ್ತಕ ಎಳೆದುಕೊಂಡು ಆ ಸಾಲನ್ನು ತಾನೇ ಓದಿದಳು. ಮಾರಾಟದ ಹುಡುಗ ಕುರ್ಚಿ ಹುಡುಕಿಕೊಂಡು ಕೂತ.

"ಕದ್ದದ್ದನ್ನ ಪುಸ್ತಕದಲ್ಲಿ ಯಾಕೆ ಬರೆದ್ರಿ?"

"ಕದ್ದಿಲ್ಲ ಮೇಡಂ, ಪೋಸ್ಟ್ ಮಾಡಿದೀನಿ. ಬರೆಯದೆ ಈ ಮೇಜಿಂದ ಒಂದು ಕಾರ್ಡೂ ಹೋಗಿಲ್ಲ. ಇಪ್ಪತ್ತಾರು ವರ್ಷ ಆಯ್ತು."

"ಈ ವಿಳಾಸ ಯಾರದ್ದು?"

"ನಮ್ಮ ಹಳೇ ಗಿರಾಕಿ, ದರ್ಜಿ. ತುಂಬ ದೂರದ ಊರು. ಹೋಗೋಕೆ ನಾಲ್ಕು ದಿನ, ಬರೋಕೆ ನಾಲ್ಕು ದಿನ. ಬಿಚ್ಚಬೇಡಿ, ಹಾಗೇ ವಾಪಸು ಕಳಿಸಿ ಅಂತ ಕಟ್ಟಿನ ಮೇಲಿನ ಕವರಲ್ಲಿ ಚೀಟಿ ಇಟ್ಟಿದೀನಿ. ಬರೋ ಖರ್ಚಿಗೆ ಸ್ಟಾಂಪೂ ಇಟ್ಟಿದೀನಿ. ನನ್ನ ಕೈಯಿಂದಲೇ." ಜೇಬಿನಿಂದ ರಸೀದಿ ತೆಗೆದು ಕೊಟ್ಟರು. "ವಿಮೆ ಮಾಡಿಸಿದೀನಿ."

ಟಪಾಲು ವ್ಯಾನು ಅಂಚೆ ಕಚೇರಿಯಿಂದ ಹೊರಡುವುದು 11.30ಕ್ಕೆ ಎಂದು ತಿಳಿಸಿದವರೂ ಚಿಕ್ಕಪ್ಪನೇ. ಆಗ 11.05. ಆರಡಿ ಮೆಟ್ಟಿಲನ್ನು ಮೂರು ಮೂರಾಗಿ ಇಳಿದು ಓಡಿದ. 11.26ಕ್ಕೆ ವ್ಯಾನಿನ ಬಾಗಿಲಲ್ಲೇ ಪಾರ್ಸಲು ಜಪ್ತಾಯಿತು. ಅದರ ಕಟ್ಟು ಬಿಚ್ಚಲು ಠಾಣೆಯಲ್ಲಿ ಇಬ್ಬರು ಬೇಕಾದರು. ಎರಡು ಸುತ್ತು ದಪ್ಪ ಕಾಗದ, ನಾಲ್ಕು ಕಡೆ ಅರಗಿನ ಮುದ್ರೆ. ಒಳಗಿದ್ದ ಯಂತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಮ್ಮ ಕಂಪನಿಯವರು ಕೂಡ ಇಷ್ಟು ಚೆನ್ನಾಗಿ ಪ್ಯಾಕ್ ಮಾಡಲ್ಲ ಎಂದು ಮಾರಾಟದ ಹುಡುಗ ಒಪ್ಪಿಕೊಂಡ.

12.15ಕ್ಕೆ ಚಿಕ್ಕಪ್ಪನವರ ದಸ್ತಗಿರಿಯಾಯಿತು. ದಸ್ತಗಿರಿ ಪತ್ರಕ್ಕೆ ಸಹಿ ಹಾಕುವ ಮೊದಲು ಅವರು ಎರಡು ಕಡೆ ತಪ್ಪಿದ್ದ ತಾರೀಖನ್ನು ತೋರಿಸಿ ತಿದ್ದಿಸಿದರು.

"ಈಗ ಹೇಳಿ. ಎಂಟು ದಿನ ಯಂತ್ರ ಊರಾಚೆ ಇದ್ರೆ ನಿಮಗೇನು ಲಾಭ?"

ಚಿಕ್ಕಪ್ಪ ಅಂಗಿಯ ಜೇಬಿನಿಂದ ಮಾದರಿ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಜೇಬಿನಲ್ಲೇ ಬಹಳ ದಿನ ಇದ್ದು ಅದರ ಮೂಲೆಗಳು ಮೆತ್ತಗಾಗಿದ್ದವು.

"ಇಪ್ಪತ್ತು ಗ್ರಾಂ ದಾಟಿದ್ರೆ ಅಂಚೆಯವರು ಎರಡು ಪಟ್ಟು ತಗೋತಾರೆ ಮೇಡಂ. ನಮ್ಮ ಕಾರ್ಡು ಇಪ್ಪತ್ತಮೂರು. ಸುತ್ತ ಒಂದು ಬೆರಳು ಅಂಚು ಕತ್ತರಿಸಿದ್ರೆ ಹತ್ತೊಂಬತ್ತು. ಯಂತ್ರವೂ ಬೇಡ, ಬಾಡಿಗೆಯೂ ಬೇಡ. ಖರ್ಚು ಅರ್ಧ. ಈ ವಾರ ಆರುನೂರು ಕಾರ್ಡು ಹೋಗಬೇಕು. ಯಂತ್ರ ಇಲ್ಲದಿದ್ರೆ ಕೆಲಸ ನನ್ನ ಕೈಗೇ ಬರ್ತಿತ್ತು. ಮಾಡಿ ತೋರಿಸ್ತಿದ್ದೆ."

ಜೊತೆಗೇ ಠಾಣೆಗೆ ಬಂದಿದ್ದ ಒಡತಿಯ ಕಣ್ಣು ತುಂಬಿತು. "ಇಷ್ಟು ಸುಲಭ ಇದ್ರೆ ಮೊದಲೇ ಹೇಳಬಾರದಿತ್ತಾ ಚಿಕ್ಕಪ್ಪ?"

"ಎರಡು ಸಲ ಇದನ್ನ ಹಿಡ್ಕೊಂಡು ನಿನ್ನ ಬಾಗಿಲಿಗೆ ಬಂದೆ ಮಗಳೇ. ಒಳಗೆ ಕಂಪನಿಯವರಿದ್ರು. 'ಆಮೇಲೆ ಚಿಕ್ಕಪ್ಪ, ಆಮೇಲೆ' ಅಂತ ನೀನು ಅಂದೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಏನೋ, ಒಡತಿಗೆ ತಡೆಯಲಾಗಲಿಲ್ಲ, ಅತ್ತೇಬಿಟ್ಟಳು. ಬಳಿಕ ಮೂಗು ಒರೆಸಿಕೊಂಡು ಜಾಮೀನು ಪತ್ರಕ್ಕೆ ಸಹಿ ಹಾಕಿ, ಬೆಂಚಿನ ಮೇಲೆ ಚಿಕ್ಕಪ್ಪನಿಗೆ ಒತ್ತಿ ಕೂತಳು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ "ಮೇಜು ಕಳೆದುಕೊಳ್ಳುವ ಭಯ" ಎಂದು ಬರೆದರು. ಅಷ್ಟೇ ಅಲ್ಲ ಅನ್ನಿಸಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಆರೋಪಿಗೆ ಉತ್ತರ ಗೊತ್ತಿತ್ತು. ಯಾರೂ ಕೇಳಿರಲಿಲ್ಲ."

ಬೆಂಚಿನ ಕಡೆಯಿಂದ ಒಡತಿಯ ದನಿ ಕೇಳಿಸಿತು. "ಯಾವ ಅಂಚು ಮೊದಲು ಕತ್ತರಿಸಬೇಕು ಚಿಕ್ಕಪ್ಪ?"

"ಮಾಡಿ ತೋರಿಸಿದ್ರೇ ಗೊತ್ತಾಗೋದು. ಕತ್ತರಿ ಇದೆಯಾ ನೋಡು."

ಆರಡಿ ಪೇಚಿಗೆ ಸಿಕ್ಕಿಕೊಂಡು ಇನ್ಸ್‌ಪೆಕ್ಟರ್ ಮುಖ ನೋಡಿದ. "ಆರೋಪಿ ಕೈಗೆ ಕತ್ತರಿ ಕೊಡಬಹುದಾ ಮೇಡಂ?"

"ಕೊಡು ಮಾರಾಯ," ಎಂದರು ಇನ್ಸ್‌ಪೆಕ್ಟರ್, ತಮ್ಮ ಕುರ್ಚಿಯನ್ನೂ ಬೆಂಚಿನತ್ತ ಎಳೆದುಕೊಳ್ಳುತ್ತ. "ಅವರು ಹೇಳೋದನ್ನ ನಾವೂ ಸ್ವಲ್ಪ ಕೇಳೋಣ."