ಒಂಬತ್ತು ಸೆಕೆಂಡಿನ ಕರೆ

ಬಾಗಿಲು ಒಳಗಡೆಗೆ ತೆರೆದುಕೊಂಡಿತು. ಅದಕ್ಕೆ ಕಿವಿ ಹಚ್ಚಿ ನಿಂತಿದ್ದ ವರದಿಗಾರ್ತಿ ನಾ ಯೊಂಜು ನೇರವಾಗಿ ಒಳಗಿದ್ದವನ ಎದೆಯ ಮೇಲೆ ಬಿದ್ದಳು.

ಸಿಯೋಲ್‌ನ ಸಂಸತ್ ಭವನದಲ್ಲಿ ಕಿವಿ ಹಚ್ಚುವುದು ಹೊಸದಲ್ಲ. ಒಳಗೆ ಪಕ್ಷದ ಸಭೆ ನಡೆಯುವಾಗ ವರದಿಗಾರರು ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತಾರೆ. ಆದರೆ ಯಾರೂ ಹೀಗೆ ಒಳಗೆ ಬಿದ್ದಿರಲಿಲ್ಲ.

"ಮೇಡಂ, ಈ ಕಿವಿ ಕೆಂಪಾಗಿದೆ," ಎಂದ ಅವನು. "ಇನ್ನೊಂದನ್ನ ನಾಳೆಗೆ ಇಟ್ಕೊಳ್ಳಿ."

ಅವನು ಪ್ಯೋ ಇನ್‌ಗ್ಯು, ಪಕ್ಷಾಧ್ಯಕ್ಷರ ಆಪ್ತ ಸಹಾಯಕ.

ಮುಂದಿನ ಎಂಟು ತಿಂಗಳು ವಾರಕ್ಕೊಮ್ಮೆ ಇಬ್ಬರೂ ತಣ್ಣನೆಯ ಶಾವಿಗೆ ಅಂಗಡಿಯಲ್ಲಿ ಎದುರುಬದುರು ಕೂತರು. ಒಂದೇ ಕರಾರು. ಅವಳು ಸುದ್ದಿ ಕೇಳಬಾರದು, ಅವನು ಹೇಳಬಾರದು.

ಆ ಕರಾರನ್ನು ಯೊಂಜು ಒಮ್ಮೆ ಮುರಿದಳು. ಬಾಗಿಲಾಚೆಯಿಂದ ಅಧ್ಯಕ್ಷರ ಬಾಯಲ್ಲಿ 'ಸಾತ್ವೆ' ಎಂಬ ಮಾತು ಕೇಳಿಸಿತ್ತು. ಅಂದರೆ ರಾಜೀನಾಮೆ! ಮೆಟ್ಟಿಲಿಳಿದು ಓಡುತ್ತಲೇ ಅವಳು ಇನ್‌ಗ್ಯುಗೆ ಕರೆ ಮಾಡಿದಳು. ಅವನು ಹೌದು ಎಂದ. ಹತ್ತು ನಿಮಿಷದಲ್ಲಿ ಸುದ್ದಿ ದೇಶದ ತುಂಬ ಹರಡಿತು.

ಅಧ್ಯಕ್ಷರು ರಾಜೀನಾಮೆ ಕೊಡಲೇ ಇಲ್ಲ. ಪತ್ರಿಕೆ ಕ್ಷಮೆ ಕೇಳಿತು. ಅವಳನ್ನು ಹವಾಮಾನದ ಸುದ್ದಿಗೆ ಹಾಕಿದರು. ಆ ಸುದ್ದಿ ಕೊಟ್ಟವನೆಂದು ಇನ್‌ಗ್ಯುವಿನ ಕೆಲಸ ಹೋಯಿತು. ಅವನು ಅವಳಿಗೆ ಹನ್ನೊಂದು ಸಲ ಕರೆ ಮಾಡಿದ.

'ನನ್ನನ್ನ ಬಳಸಿಕೊಂಡ... ಬೇಕೆಂದೇ ಸುಳ್ಳು ಹೇಳಿದ.' ಯೊಂಜು ಒಂದು ಕರೆಯನ್ನೂ ಎತ್ತಲಿಲ್ಲ. ಪತ್ರಿಕೆಗೂ ರಾಜೀನಾಮೆ ಕೊಟ್ಟಳು.

ಪತ್ರಿಕೆ ಅಚ್ಚು ಹಾಕದ್ದನ್ನು ಕಾದಂಬರಿ ಹಾಕುತ್ತದೆ ಎಂದುಕೊಂಡು ಓದುಕೋಣೆಯೊಂದರಲ್ಲಿ ಮೇಜು ಬಾಡಿಗೆಗೆ ಹಿಡಿದಳು. ಮೊದಲ ಎರಡು ಹಸ್ತಪ್ರತಿ ತಿರಸ್ಕೃತವಾದವು. ಮೂರನೆಯದು ಅಧಿಕಾರದ ಒಳಸಂಚಿನ ಕಥೆ. ಅದರ ಖಳ ಒಬ್ಬ ಆಪ್ತ ಸಹಾಯಕ. ತನ್ನನ್ನು ಪ್ರೀತಿಸುವ ವರದಿಗಾರ್ತಿಗೆ ನಗುತ್ತಲೇ ಸುಳ್ಳು ಸುದ್ದಿ ಕೊಡುವವನು. ಪ್ರಕಾಶಕರು ಕೂಡಲೇ ಒಪ್ಪಿದರು.

ಆ ಕರೆಯಾದ ಮೂರು ವರ್ಷಗಳ ನಂತರ, ಪುಸ್ತಕ ಅಚ್ಚಿಗೆ ಹೋಗಬೇಕಿದ್ದ ದಿನ ಮಧ್ಯಾಹ್ನ, ಇನ್‌ಗ್ಯು ಯೊಂಜು ಕೂತಿದ್ದ ಪ್ರಕಾಶನದ ಕಚೇರಿಗೆ ಬಂದ. ವಿಮರ್ಶಕರಿಗೆ ಕಳಿಸಿದ್ದ ಮುಂಗಡ ಪ್ರತಿಯೊಂದು ಅವನ ಕೈಯಲ್ಲಿತ್ತು.

"ಒಂಬತ್ತನೇ ಅಧ್ಯಾಯ," ಎಂದ. "ಇವನು ನಾನೇನಾ?"

ಯೊಂಜು ಆ ಪ್ರತಿಯ ಮೇಲೆ ಕಣ್ಣಾಡಿಸಿದಳು. "ಕಥೆ ಅದು."

"ಸೋಮವಾರ ಒಬ್ಬರು ಸಂಸದೆಯ ಕಚೇರಿಗೆ ಸೇರಬೇಕು. ಇದನ್ನ ಓದಿ ಅವರೇ ಫೋನ್ ಮಾಡಿದ್ರು. ಈ ಸುಳ್ಳುಗಾರ ನೀನೇನಾ ಅಂತ ಕೇಳಿದ್ರು. ಇದು ಅಚ್ಚಾದ್ರೆ ನನಗೆ ಇನ್ಯಾರೂ ಕೆಲಸ ಕೊಡಲ್ಲ."

"ಸುಳ್ಳು ಹೇಳಿದ್ದು ನಿಜ ಅಲ್ವಾ? ಸಾತ್ವೆನಾ ಅಂತ ಕೇಳಿದೆ. ಹೌದು ಅಂದ್ರಿ."

ಅವನು ಅವಳನ್ನೇ ದಿಟ್ಟಿಸಿದ. "ಸಾತ್ವೆನಾ? ನೀವು ಕೇಳಿದ್ದು ಸಾತೆ ಅಂತ."

ಸಾತೆ. ಬಿಕ್ಕಟ್ಟು. ಎರಡು ಮಾತುಗಳ ನಡುವೆ ಕಿವಿಗೆ ಕೇಳುವುದು ಒಂದು ಸ್ವರದ ಅಂತರ. ಬಾಗಿಲಾಚೆ ಅಧ್ಯಕ್ಷರು ಅಂದದ್ದೂ ಅದೇ ಇರಬೇಕು.

'ಇಲ್ಲ... ಹಾಗಿರಲಾರದು...' ಅವಳ ಕೈ ತಾನಾಗಿಯೇ ಫೋನಿನತ್ತ ಹೋಯಿತು. ಆ ಊರಿನ ವರದಿಗಾರರ ಫೋನುಗಳಲ್ಲಿ ಪ್ರತಿ ಕರೆಯೂ ತಾನಾಗಿ ಧ್ವನಿಮುದ್ರಣವಾಗುತ್ತದೆ. ಆ ಕರೆಯನ್ನು ಅವಳು ಅಳಿಸಿರಲಿಲ್ಲ, ಕೇಳಿಯೂ ಇರಲಿಲ್ಲ. ಬರೀ ಒಂಬತ್ತು ಸೆಕೆಂಡು.

ಏದುಸಿರು, ಹೆಜ್ಜೆಗಳ ಸದ್ದು, ಅವಳದೇ ದನಿ. "ಸಾತ್ವೆ, ಅಲ್ವಾ?"

ನಂತರ ಅವನದು, ನಿಧಾನವಾಗಿ. "ಹೌದು, ಸಾತೆ. ಊಟ ಆಯ್ತಾ ನಿಂದು..."

ಅಲ್ಲಿಗೆ ಕರೆ ತುಂಡಾಗಿತ್ತು. ತುಂಡರಿಸಿದ್ದು ಅವಳೇ.

ಅವಳು ಮತ್ತೊಮ್ಮೆ ಹಾಕಿದಳು. ಮೂರು ವರ್ಷ ದ್ವೇಷಿಸಿದ್ದು ಯಾರನ್ನು? ಊಟ ವಿಚಾರಿಸಿದವನನ್ನ?

ಸಂಪಾದಕಿ ಬಾಂಗ್ ಬಾಗಿಲಲ್ಲಿ ತಲೆಹಾಕಿದಳು. "ಮೂರಕ್ಕೆ ಯಂತ್ರ ಶುರು. ಏನಾದ್ರೂ ತಿದ್ದೋದಿದ್ಯಾ?"

"ನಿಲ್ಲಿಸಿ."

"ತಲೆ ಕೆಟ್ಟಿದ್ಯಾ?"

"ಒಂಬತ್ತನೇ ಅಧ್ಯಾಯ ಸುಳ್ಳು. ಅವನು ಖಳ ಅಲ್ಲ."

"ಖಳ ಇಲ್ದೆ ಈ ಪುಸ್ತಕವನ್ನ ಯಾರಮ್ಮ ಓದ್ತಾರೆ?"

"ಒಂದು ಮಾತನ್ನ ಎರಡನೇ ಸಲ ಕೇಳೋ ತಾಳ್ಮೆ ಇಲ್ದೆ ಒಬ್ಬನ ಬದುಕು ಮುರಿದ ವರದಿಗಾರ್ತಿ ಇದ್ದಾಳಲ್ಲ," ಎಂದಳು ಯೊಂಜು. "ಅವಳು ಸಾಕು."

ಬಾಂಗ್ ಇಬ್ಬರ ಮುಖವನ್ನೂ ನೋಡಿದಳು. "ಎರಡು ತಿಂಗಳು. ಅದಾದ್ಮೇಲೂ ಹೊಸ ಅಧ್ಯಾಯ ಬರಲಿಲ್ಲ ಅಂದ್ರೆ ನಾನೇ ಖಳ ಆಗ್ತೀನಿ," ಎಂದು ಗೊಣಗುತ್ತ ಅಚ್ಚುಮನೆಗೆ ಫೋನ್ ಹಚ್ಚಿದಳು.

ಯೊಂಜು ಇನ್‌ಗ್ಯುವಿನತ್ತ ತಿರುಗಿದಳು. "ನಿಮ್ಮ ಸಂಸದೆ ನಂಬರ್ ಕೊಡಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ. ಬೇಕಿದ್ರೆ ಇದನ್ನೂ ಕೇಳಿಸ್ತೀನಿ."

ಅವನ ಎದುರಲ್ಲೇ ಸಂಸದೆಗೆ ಕರೆ ಮಾಡಿ ಹೇಳಿದಳು, ಏನನ್ನೂ ಬಿಡದೆ. ಆ ಕಡೆಯಿಂದ ಬಂದ ಉತ್ತರ ಚಿಕ್ಕದು: ಅವನಿಗೆ ಸೋಮವಾರ ಬರಲು ಹೇಳಿ.

ಇನ್‌ಗ್ಯು ಕುರ್ಚಿಯಲ್ಲಿ ಕೂತ.

"ಆವಾಗ ನಿಮ್ಮನ್ನ ಪ್ರೀತಿಸ್ತಿದ್ದೆ," ಎಂದಳು ಅವಳು. "ಅದಕ್ಕೇ ಅಷ್ಟು ಕೆಟ್ಟದಾಗಿ ಬರೆದೆ. ಈಗಲೂ... ಹೋಗಿಲ್ಲ ಅದು."

"ನನಗೆ ಇನ್ನೂ ಸಿಟ್ಟಿದೆ, ಯೊಂಜು."

"ಇರ್ಲಿ."

ಅವನು ಎದ್ದು ಕೋಟು ಹಾಕಿಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಸೋಮವಾರ ಏಳಕ್ಕೆ ಕೆಲಸ ಬಿಡ್ತಾರೆ. ಆ ಶಾವಿಗೆ ಅಂಗಡಿ ಇನ್ನೂ ಇದೆ."

"ಸಂಜೆ ಏಳಕ್ಕಾ?"

"ಹ್ಞೂಂ, ಸಂಜೆ."

"ಏಳಕ್ಕೇನಾ, ಏಳೂವರೆಗಾ?"

ಅವನ ತುಟಿಯ ಒಂದು ಅಂಚು ಮಾತ್ರ ಸಡಿಲಗೊಂಡಿತು. "ಏಳಕ್ಕೆ. ಬರ್ಕೋ ಬೇಕಿದ್ರೆ."

ಅವಳು ಬರೆದುಕೊಂಡಳು.